ಬೀಗ ಹಾಕಿದ ಗೋಪುರ, ಬಾಗಿಲು ತೆರೆದ ಛತ್ರ

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವ ಶ್ರಾವಕನು ಯಾವ ಯಾವ ವಸ್ತುಗಳಿಗೆ ಮಿತಿ ಹಾಕಿಕೊಳ್ಳಬೇಕೆಂಬುದನ್ನು ಆಚಾರ್ಯರು ಹೆಸರಿಟ್ಟು ಎಣಿಸಿದ್ದಾರೆ. ಬೆಳ್ಳಿ-ಬಂಗಾರ, ಧನ-ಧಾನ್ಯ, ದಾಸ-ದಾಸಿಯರು, ಬಟ್ಟೆ-ಪಾತ್ರೆಗಳು ಎಲ್ಲವೂ ಆ ಎಣಿಕೆಯಲ್ಲಿವೆ. ಆದರೆ ಎಲ್ಲಕ್ಕಿಂತ ಮೊದಲು ಬರುವುದು ಕ್ಷೇತ್ರ ಮತ್ತು ವಾಸ್ತು, ಎಂದರೆ ಹೊಲ ಮತ್ತು ಮನೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಈ ವ್ರತದ ಅತಿಚಾರಗಳನ್ನು ಹೇಳುವಾಗಲೂ ಮೊದಲು ಎತ್ತಿಕೊಳ್ಳುವುದು ಹೊಲ-ಮನೆಗಳ ಮಿತಿಯನ್ನು ಮೀರುವ ದೋಷವನ್ನೇ.

ಈ ಕ್ರಮದಲ್ಲಿ ವರ್ತಕನಾದವನು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಒಬ್ಬನು ಒಡವೆಯನ್ನು ತಿಜೋರಿಯಲ್ಲಿಟ್ಟು ಮರೆತರೆ ನೆರೆಯವನ ಊಟಕ್ಕೆ ನೇರವಾಗಿ ಕೊರತೆಯಾಗದು. ಉಳುಮೆಯ ಹೊಲಕ್ಕೆ ಬೇಲಿ ಹಾಕಿ ಮರೆತರೆ, ವಾಸಯೋಗ್ಯವಾದ ಮನೆಗೆ ಬೀಗ ಹಾಕಿ ಮರೆತರೆ, ಇನ್ನೊಬ್ಬನ ಅನ್ನಕ್ಕೂ ಆಶ್ರಯಕ್ಕೂ ಅಂದೇ ಕೊರತೆಯಾಗುತ್ತದೆ. ನೆಲವು ಹೆಚ್ಚಿಸಲಾಗದ ವಸ್ತು. ಆದ್ದರಿಂದ ನೆಲದ ಒಡೆತನದಲ್ಲಿ ಅಪರಿಗ್ರಹ ಮತ್ತು ಅಹಿಂಸೆ ಎಂಬ ಎರಡು ವ್ರತಗಳು ಒಂದನ್ನೊಂದು ಮುಟ್ಟುತ್ತವೆ. ಹಾಗಾದರೆ ಭೂಮಿಯನ್ನೂ ಕಟ್ಟಡವನ್ನೂ ವ್ಯಾಪಾರದ ಸರಕಾಗಿ ಮಾಡಿಕೊಂಡವನು ಎಲ್ಲಿಯವರೆಗೆ ಧರ್ಮದ ಗೆರೆಯೊಳಗಿರುತ್ತಾನೆ, ಯಾವ ಹಂತದಲ್ಲಿ ಅದನ್ನು ದಾಟುತ್ತಾನೆ? ಈ ಪ್ರಶ್ನೆಯನ್ನು ಎರಡು ಜೀವನಗಳನ್ನು ಎದುರುಬದುರಾಗಿಟ್ಟು ಪರಿಶೀಲಿಸಬಹುದು. ಒಂದು ಲಂಡನ್ ನಗರದ್ದು, ಇನ್ನೊಂದು ಬೆಂಗಳೂರಿನದು.

ಖಾಲಿ ನಿಂತ ಗೋಪುರ

ಹ್ಯಾರಿ ಹೈಮ್ಸ್ 1928ರಲ್ಲಿ ಲಂಡನ್ನಿನಲ್ಲಿ ಜನಿಸಿದವರು. ಹದಿಹರೆಯದಲ್ಲಿಯೇ ಶಾಲೆ ಬಿಟ್ಟು ಆಸ್ತಿ ಕ್ರಯ-ವಿಕ್ರಯದ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಎರಡನೆಯ ಮಹಾಯುದ್ಧದ ಬಾಂಬುಗಳಿಂದ ಹಾಳಾಗಿದ್ದ ಆ ನಗರದಲ್ಲಿ ಕಚೇರಿಗಳಿಗಾಗಿ ಹೊಸ ಕಟ್ಟಡಗಳ ಬೇಡಿಕೆ ಬಹಳವಿತ್ತು. ಹೈಮ್ಸ್ 1959ರಲ್ಲಿ ಓಲ್ಡ್‌ಹ್ಯಾಮ್ ಎಸ್ಟೇಟ್ ಎಂಬ ಸಣ್ಣ ಕಂಪನಿಯನ್ನು ವಶಕ್ಕೆ ತೆಗೆದುಕೊಂಡು ಅದನ್ನು ಇಂಗ್ಲೆಂಡಿನ ದೊಡ್ಡ ಆಸ್ತಿ ಕಂಪನಿಗಳಲ್ಲಿ ಒಂದಾಗಿ ಬೆಳೆಸಿದರು. ಅವರ ಬುದ್ಧಿಶಕ್ತಿಯನ್ನು, ಲೆಕ್ಕಾಚಾರದ ನಿಖರತೆಯನ್ನು ವಿರೋಧಿಗಳೂ ಅಲ್ಲಗಳೆಯಲಿಲ್ಲ. ಪ್ರಚಾರವನ್ನು ಅವರು ಬಯಸಿದವರಲ್ಲ. ಅವರ ಭಾವಚಿತ್ರಗಳೇ ಅಪರೂಪ.

ಅವರ ಹೆಸರು ಉಳಿದಿರುವುದು ಸೆಂಟರ್ ಪಾಯಿಂಟ್ ಎಂಬ ಕಟ್ಟಡದಿಂದ. ಲಂಡನ್ ಆಡಳಿತಕ್ಕೆ ನಗರದ ನಡುವಣ ಒಂದು ಕೂಡುರಸ್ತೆಯನ್ನು ವಿಸ್ತರಿಸಲು ಜಾಗ ಬೇಕಾಗಿತ್ತು. ರಸ್ತೆಗೆ ಜಾಗ ಒದಗಿಸಿದ ಹೈಮ್ಸ್ ಅದಕ್ಕೆ ಪ್ರತಿಯಾಗಿ ಎತ್ತರದ ಕಟ್ಟಡಕ್ಕೆ ಅನುಮತಿ ಪಡೆದರು. 1966ರಲ್ಲಿ ಸುಮಾರು 117 ಮೀಟರ್ ಎತ್ತರದ, ಮೂವತ್ತಕ್ಕೂ ಹೆಚ್ಚು ಅಂತಸ್ತುಗಳ ಗೋಪುರ ಸಿದ್ಧವಾಯಿತು. ಅನಂತರ ನಡೆದ ಸಂಗತಿಯೇ ವಿಚಾರಾರ್ಹವಾದದ್ದು. ಆ ಗೋಪುರ 1970ರ ದಶಕದ ಮಧ್ಯದವರೆಗೆ ಖಾಲಿಯಾಗಿಯೇ ನಿಂತಿತು.

ಕಾರಣವನ್ನು ವರ್ತಕರು ಸುಲಭವಾಗಿ ಗ್ರಹಿಸಬಲ್ಲರು. ಕಟ್ಟಡದ ಮೌಲ್ಯವನ್ನು ನಿರ್ಣಯಿಸುವುದು ಅದರಿಂದ ಬರಬಹುದಾದ ಬಾಡಿಗೆ. ಆ ಕಾಲದ ಗುತ್ತಿಗೆಗಳು ದೀರ್ಘಾವಧಿಯವು. ಇಂದಿನ ದರಕ್ಕೆ ಕೊಟ್ಟುಬಿಟ್ಟರೆ ಬಾಡಿಗೆ ವರ್ಷಗಟ್ಟಲೆ ಅದೇ ಮಟ್ಟದಲ್ಲಿ ನಿಲ್ಲುತ್ತದೆ. ಕೊಡದೆ ಕಾದರೆ ಪೇಟೆಯ ದರ ಏರಿದಂತೆಲ್ಲ ಕಾಗದದ ಮೇಲಿನ ಮೌಲ್ಯವೂ ಏರುತ್ತದೆ. ಖಾಲಿ ಕಟ್ಟಡದ ಮೇಲಿನ ತೆರಿಗೆಯೂ ಆಗ ಹಗುರವಾಗಿತ್ತು. ಹೀಗಾಗಿ ಯಾರೂ ಕಾಲಿಡದ ಕಟ್ಟಡವೇ, ಜನ ತುಂಬಿದ ಕಟ್ಟಡಕ್ಕಿಂತ ಹೆಚ್ಚು ಐಶ್ವರ್ಯ ತರುವಂಥ ವಿಚಿತ್ರ ಸನ್ನಿವೇಶ ಉಂಟಾಯಿತು. ಇಡೀ ಗೋಪುರವನ್ನು ಒಬ್ಬನೇ ಬಾಡಿಗೆದಾರನಿಗೆ ಕೊಡಬೇಕೆಂಬುದು ತಮ್ಮ ನಿಯಮವೆಂದೂ, ಬೇಕೆಂದೇ ಖಾಲಿ ಇಟ್ಟಿಲ್ಲವೆಂದೂ ಹೈಮ್ಸ್ ಹೇಳುತ್ತಿದ್ದರು. ಅವರ ಮಾತನ್ನು ಒಪ್ಪಿದರೂ ಫಲ ಒಂದೇ: ದೀಪ ಹತ್ತದ ನೂರಾರು ಕಿಟಕಿಗಳ ಕೆಳಗೆ ಮನೆಯಿಲ್ಲದವರು ಬೀದಿಯಲ್ಲಿ ಮಲಗುತ್ತಿದ್ದರು.

ಆ ನೋಟವು ಊರಿನ ಮನಸ್ಸನ್ನು ಕಲಕಿತು. ಕೆನೆತ್ ಲೀಚ್ ಎಂಬ ಪಾದ್ರಿ 1969ರ ಡಿಸೆಂಬರ್‌ನಲ್ಲಿ ನಿರಾಶ್ರಿತ ಯುವಜನರಿಗಾಗಿ ರಾತ್ರಿ ತಂಗುದಾಣವೊಂದನ್ನು ಆರಂಭಿಸಿ ಅದಕ್ಕೆ ಸೆಂಟರ್‌ಪಾಯಿಂಟ್ ಎಂಬ ಹೆಸರನ್ನೇ ಇಟ್ಟರು. ಆ ಸಂಸ್ಥೆ ಇಂದಿಗೂ ಸೇವೆ ನಡೆಸುತ್ತಿದೆ. 1974ರ ಜನವರಿಯಲ್ಲಿ ವಸತಿಗಾಗಿ ಹೋರಾಡುತ್ತಿದ್ದವರು ಗೋಪುರದೊಳಗೆ ನುಗ್ಗಿ ಕೆಲವು ದಿನ ಕುಳಿತರು. ಮುಂದೆ ಬಾಡಿಗೆದಾರರು ಬಂದರು. 1980ರಿಂದ ಹಲವು ವರ್ಷ ಬ್ರಿಟಿಷ್ ಉದ್ಯಮಿಗಳ ಒಕ್ಕೂಟದ ಕಚೇರಿ ಅಲ್ಲಿತ್ತು. ಹೈಮ್ಸ್ 1965ರಲ್ಲಿ ರಾಮ್ಸ್‌ಬರಿ ಎಂಬಲ್ಲಿ ಕೊಂಡಿದ್ದ ಹಳೆಯ ಬಂಗಲೆಯಲ್ಲಿ ಚಿತ್ರಗಳು, ಪುರಾತನ ಪೀಠೋಪಕರಣಗಳ ನಡುವೆ ಏಕಾಂತವಾಗಿ ಬಾಳಿದರು. 2006ರಲ್ಲಿ ಅಲ್ಲಿ ದೊಡ್ಡ ಕಳವು ನಡೆದು ಆ ಸಂಗ್ರಹದ ಅನೇಕ ವಸ್ತುಗಳು ಕಾಣೆಯಾದವು. 2015ರ ಡಿಸೆಂಬರ್‌ನಲ್ಲಿ, 87ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ತಮ್ಮ ಸಂಪತ್ತಿನ ಬಹುಭಾಗವನ್ನು, ಬಂಗಲೆ ಮತ್ತು ಕಲಾಸಂಗ್ರಹವನ್ನು ಸಾರ್ವಜನಿಕರ ಉಪಯೋಗಕ್ಕಾಗಿ ಒಂದು ಪ್ರತಿಷ್ಠಾನಕ್ಕೆ ಬರೆದಿಟ್ಟಿದ್ದರು.

ಕೊನೆಯ ಈ ದಾನವನ್ನು ಕಡೆಗಣಿಸಲಾಗದು. ಅದು ದೊಡ್ಡ ದಾನವೇ ಸರಿ. ಆದರೆ ಗೋಪುರ ಖಾಲಿ ನಿಂತ ವರ್ಷಗಳನ್ನು ಅದು ಹಿಂದಕ್ಕೆ ತರಬಲ್ಲುದೇ ಎಂಬ ಪ್ರಶ್ನೆ ಉಳಿಯುತ್ತದೆ.

ರೈಲು ನಿಲ್ದಾಣದ ಎದುರಿನ ನೆಲ

ಇನ್ನು ಬೆಂಗಳೂರಿನ ಕಡೆಗೆ ತಿರುಗಬಹುದು. 1838ರಲ್ಲಿ ಹುಟ್ಟಿದ ಗುಬ್ಬಿ ತೋಟದಪ್ಪನವರು ಬೆಂಗಳೂರಿಗೆ ಬಂದು ವ್ಯಾಪಾರದಲ್ಲಿ ಹಣ ಗಳಿಸಿದ ವರ್ತಕರು. ಅವರಿಗೆ ಮಕ್ಕಳಿರಲಿಲ್ಲ. ಊರೂರುಗಳಿಂದ ರೈಲಿನಲ್ಲಿ ಬಂದಿಳಿಯುವ ಯಾತ್ರಿಕರಿಗೂ ಓದಲು ಬರುವ ಬಡ ಹುಡುಗರಿಗೂ ತಲೆ ಮರೆಸಿಕೊಳ್ಳಲು ಜಾಗವಿಲ್ಲದ್ದನ್ನು ಕಂಡು 1897ರಲ್ಲಿ ರೈಲು ನಿಲ್ದಾಣದ ಎದುರಿಗೆ ನೆಲವನ್ನು ಕೊಂಡರು. ಅಲ್ಲಿ ಎದ್ದ ಧರ್ಮಛತ್ರವು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಂದ ಉದ್ಘಾಟನೆಗೊಂಡಿತು. ತಮ್ಮ ಆಸ್ತಿಯನ್ನು ಧರ್ಮಸಂಸ್ಥೆಗೆ ಒಪ್ಪಿಸಿ, ಕೆ.ಪಿ. ಪುಟ್ಟಣ್ಣ ಚೆಟ್ಟಿಯವರಂಥ ಪ್ರಾಮಾಣಿಕರ ಕೈಗೆ ಅದರ ಹೊಣೆಯನ್ನಿತ್ತು, ತೋಟದಪ್ಪನವರು 1910ರಲ್ಲಿ ಕಾಲವಾದರು.

ಆ ನೆಲದ ಸುತ್ತ ಇಂದು ಮೆಜೆಸ್ಟಿಕ್ ಇದೆ. ಬೆಂಗಳೂರಿನ ಬಸ್ಸು, ರೈಲು, ಮೆಟ್ರೊಗಳೆಲ್ಲ ಕೂಡುವ ಆ ಸ್ಥಳದಲ್ಲಿ ಅಂಗೈಯಗಲದ ಜಾಗಕ್ಕೂ ಬಹಳ ಬೆಲೆ. ಲಂಡನ್ನಿನ ಗೋಪುರದ ನೆಲದಂತೆಯೇ ಇದರ ಮೌಲ್ಯವೂ ಒಂದು ಶತಮಾನದಲ್ಲಿ ಊಹೆಗೆ ನಿಲುಕದಷ್ಟು ಏರಿತು. ಆದರೆ ಛತ್ರದ ಬಾಗಿಲು ಬೆಲೆ ಏರಲೆಂದು ಕಾಯುತ್ತ ಮುಚ್ಚಲಿಲ್ಲ. ಛತ್ರವೂ ವಿದ್ಯಾರ್ಥಿನಿಲಯವೂ ತಲೆಮಾರುಗಳಿಗೆ ನೆರಳಾದವು.

ಈ ಮಾರ್ಗದಲ್ಲಿ ತೋಟದಪ್ಪನವರು ಒಂಟಿಯಲ್ಲ. ಇಂದು ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿ 1860ರ ದಶಕದಲ್ಲಿ ಕಟ್ಟಲ್ಪಟ್ಟಿತು. ಅದರ ಗುತ್ತಿಗೆಯನ್ನು ವಹಿಸಿದ್ದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಬಡತನದಿಂದ ಮೇಲೆ ಬಂದವರು. 1873ರಲ್ಲಿ ದಂಡು ಪ್ರದೇಶದ ಬಡಮಕ್ಕಳಿಗಾಗಿ ಶಾಲೆ ತೆರೆದರು. ವೀಳ್ಯದೆಲೆಯ ವ್ಯಾಪಾರಿ ಎಲೆ ಮಲ್ಲಪ್ಪ ಶೆಟ್ಟರ ಹೆಸರು ಹಳೆಯ ಮದರಾಸು ರಸ್ತೆಯ ಪಕ್ಕದ ದೊಡ್ಡ ಕೆರೆಯಲ್ಲಿ ಉಳಿದಿದೆ. ಇವರಾರೂ ಸಂನ್ಯಾಸಿಗಳಲ್ಲ. ಲಾಭವನ್ನು ಬಲ್ಲ ವ್ಯವಹಾರಸ್ಥರು. ಹೈಮ್ಸ್‌ರಿಗೂ ಇವರಿಗೂ ಇರುವ ಅಂತರವನ್ನು ಸಂಪತ್ತಿನ ಗಾತ್ರದಲ್ಲಿ ಹುಡುಕಿದರೆ ಸಿಕ್ಕದು. ದಾನದ ಮೊತ್ತದಲ್ಲಿಯೂ ಸಿಕ್ಕದು. ವಸ್ತು ಕೈಯಲ್ಲಿದ್ದಾಗ ಅದು ಯಾರ ಉಪಯೋಗಕ್ಕೆ ಬಂದಿತು ಎಂಬಲ್ಲಿ ಆ ಅಂತರವಿದೆ.

ಮೂರ್ಚ್ಛೆ ಎಂಬ ಮಾತು

ತತ್ತ್ವಾರ್ಥಸೂತ್ರವು ಪರಿಗ್ರಹದ ಲಕ್ಷಣವನ್ನು ಮೂರ್ಚ್ಛೆ ಎಂಬ ಒಂದೇ ಮಾತಿನಿಂದ ಹೇಳಿದೆ. ವಸ್ತುವಿರುವುದೇ ಪರಿಗ್ರಹವಲ್ಲ, ವಸ್ತುವಿನಲ್ಲಿ ಚಿತ್ತವು ಪ್ರಜ್ಞೆತಪ್ಪಿ ಬೀಳುವುದು ಪರಿಗ್ರಹ. ಮೂರ್ಚ್ಛೆ ಹೋದವನ ಕಣ್ಣು ತೆರೆದಿದ್ದರೂ ಎದುರಿಗಿರುವವನು ಕಾಣಿಸನು. ತನ್ನ ಕಟ್ಟಡದ ಮೆಟ್ಟಿಲ ಬಳಿ ಮಲಗಿದವನನ್ನು ಕಾಣದ ಒಡೆಯನ ಸ್ಥಿತಿಗೆ ಇದಕ್ಕಿಂತ ಒಪ್ಪುವ ಮಾತು ಬೇರೆ ಇರಲಾರದು.

ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹದೋಷಕ್ಕೆ ಉದಾಹರಣೆಯಾಗಿ ಶ್ಮಶ್ರುನವನೀತನನ್ನು ಹೆಸರಿಸುತ್ತಾರೆ. ಕಥೆ ಮನೆಮನೆಯಲ್ಲೂ ತಿಳಿದದ್ದು. ಮಜ್ಜಿಗೆ ಕುಡಿದಾಗ ಮೀಸೆಗಂಟಿದ ಬೆಣ್ಣೆಯನ್ನು ದಿನದಿನವೂ ಒಟ್ಟುಮಾಡಿ ಅವನು ಒಂದು ಗಡಿಗೆ ತುಪ್ಪ ಕೂಡಿಸಿದ. ಚಳಿಗಾಲದ ರಾತ್ರಿ ಅದನ್ನು ಕಾಲ ಬಳಿ ತೂಗುಹಾಕಿ, ಬೆಂಕಿ ಹೊತ್ತಿಸಿಕೊಂಡು ಮಲಗಿದ. ತುಪ್ಪ ಮಾರಿ ವ್ಯಾಪಾರ, ವ್ಯಾಪಾರದಿಂದ ಸಿರಿ, ಸಿರಿಯಿಂದ ರಾಜ್ಯ, ರಾಜ್ಯದಲ್ಲಿ ಅಂತಃಪುರ ಎಂದು ಕನಸು ಕಟ್ಟುತ್ತ, ಕನಸಿನ ಹೆಂಡತಿಯನ್ನು ಪ್ರೀತಿಯಿಂದ ಒದೆಯಲು ಹೋಗಿ ಗಡಿಗೆಯನ್ನು ಒದ್ದ. ತುಪ್ಪ ಬೆಂಕಿಗೆ ಬಿತ್ತು, ಅವನು ಸುಟ್ಟುಹೋದ. ಅವನಲ್ಲಿದ್ದದ್ದು ಒಂದೇ ಗಡಿಗೆ ತುಪ್ಪ. ಒಂದು ಹನಿಯನ್ನೂ ಅವನು ಉಣ್ಣಲಿಲ್ಲ, ಉಣಿಸಲಿಲ್ಲ. ಅದರ ಮುಂದಿನ ಬೆಲೆಯಲ್ಲಿಯೇ ಬದುಕಿದ. ಇದೇ ಗ್ರಂಥವು ವ್ರತಪಾಲನೆಗೆ ಮೇಲ್ಪಂಕ್ತಿಯಾಗಿ ತೋರಿಸುವುದು ಜಯಕುಮಾರನನ್ನು. ಅವನು ಭರತ ಚಕ್ರವರ್ತಿಯ ಸೇನಾಪತಿ, ಅಪಾರ ಐಶ್ವರ್ಯವಂತ. ಬಡವನು ಲೋಭಿಯಾಗಬಹುದು, ಸಿರಿವಂತನು ಅಪರಿಗ್ರಹಿಯ ಮಾರ್ಗದಲ್ಲಿರಬಹುದು ಎಂಬುದು ಈ ಎರಡು ದೃಷ್ಟಾಂತಗಳನ್ನು ಕೂಡಿಸಿ ನೋಡಿದಾಗ ಸ್ಪಷ್ಟವಾಗುತ್ತದೆ.

ನಂದಿಯ ಸುತ್ತಿನ ನೆಲ

ಈ ವಿಚಾರವು ದೂರದ ಲಂಡನ್ನಿಗೆ ಮಾತ್ರ ಸಂಬಂಧಿಸಿದ್ದಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಶ್ರಾವಕ ಕುಟುಂಬಗಳಿಗೆ ಅದು ಮನೆಬಾಗಿಲಿನ ವಿಚಾರ. ನಂದಗಿರಿನಾಥರೆಂದು ಬಿರುದು ಧರಿಸಿದ ಗಂಗರ ಕಾಲದಿಂದ ಈ ಸೀಮೆಗೆ ಜಿನಧರ್ಮದ ಪರಿಚಯವಿದೆ. ನಂದಿಯ ಬಳಿಯ ಗೋಪಿನಾಥ ಬೆಟ್ಟದ ಪ್ರಾಚೀನ ಶಾಸನವು ಅಲ್ಲಿದ್ದ ಜಿನಚೈತ್ಯವನ್ನು ಸ್ಮರಿಸುತ್ತದೆ. 2007ರಲ್ಲಿ ಚಿಕ್ಕಬಳ್ಳಾಪುರವು ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಯಿತು. 2008ರ ಮೇ ತಿಂಗಳಲ್ಲಿ ನೆರೆಯ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕೆ ಭೂಸುಧಾರಣಾ ಕಾಯಿದೆಯಲ್ಲಿದ್ದ ಅಡೆತಡೆಗಳು 2020ರ ತಿದ್ದುಪಡಿಯಿಂದ ತೆಗೆದುಹಾಕಲ್ಪಟ್ಟವು. ರಾಗಿ, ದ್ರಾಕ್ಷಿ, ಹೂವು, ಟೊಮೆಟೊ, ಹಿಪ್ಪುನೇರಳೆ ಬೆಳೆಯುತ್ತಿದ್ದ ಹೊಲಗಳ ನಡುವೆ ಕಲ್ಲುಕಂಬಗಳೂ ಬಡಾವಣೆಯ ಫಲಕಗಳೂ ಎದ್ದವು. ಪೇಟೆಯ ವರ್ತಕರಲ್ಲಿ ಉಳಿತಾಯವೆಂದರೆ ನಿವೇಶನ ಎಂಬ ಭಾವನೆ ಬೇರೂರಿತು.

ಶಿಡ್ಲಘಟ್ಟದ ರಸ್ತೆಬದಿಯಲ್ಲಿ ಎರಡು ಎಕರೆ ಹಿಪ್ಪುನೇರಳೆ ತೋಟವಿತ್ತೆಂದು ಉದಾಹರಣೆಗಾಗಿ ಭಾವಿಸೋಣ. ವರ್ಷದಲ್ಲಿ ಹಲವು ಬಾರಿ ಸೊಪ್ಪು ಕೊಯ್ಯುವ ಕೂಲಿಯವರು, ಹುಳು ಸಾಕುವ ಮನೆಯವರು, ಚಂದ್ರಿಕೆ ಬಾಡಿಗೆಗೆ ಕೊಡುವವರು, ಗೂಡಿನ ಮಾರುಕಟ್ಟೆಯ ಹಮಾಲಿಗಳು, ನೂಲು ತೆಗೆಯುವ ರೀಲರುಗಳು ಎಲ್ಲರಿಗೂ ಆ ತೋಟದಲ್ಲಿ ಒಂದು ತುತ್ತಿತ್ತು. ಅದನ್ನು ಕೊಂಡ ವರ್ತಕನು ತಂತಿಬೇಲಿ ಹಾಕಿದನು. ಹತ್ತು ವರ್ಷ ಅಲ್ಲಿ ಮನೆಯೂ ಏಳಲಿಲ್ಲ, ಬೆಳೆಯೂ ಬರಲಿಲ್ಲ. ಪಾರ್ಥೇನಿಯಂ ಮಾತ್ರ ಬೆಳೆಯಿತು. ವರ್ತಕನ ಲೆಕ್ಕಪುಸ್ತಕದಲ್ಲಿ ಇದು ಉತ್ತಮ ಹೂಡಿಕೆ. ಇತರರು ಕಳೆದುಕೊಂಡ ಹತ್ತು ವರ್ಷದ ಕೂಲಿಗೆ ಆ ಪುಸ್ತಕದಲ್ಲಿ ಕಲಮು ಇಲ್ಲ. ಕರ್ಮದ ಲೆಕ್ಕದಲ್ಲಿಯೂ ಇಲ್ಲವೆಂದು ಯಾರು ಹೇಳಬಲ್ಲರು?

ಇಲ್ಲೊಂದು ಆಕ್ಷೇಪ ಸಹಜ. ರೇಷ್ಮೆಯಲ್ಲಿ ಹಿಂಸೆಯಿದೆ, ಗೂಡನ್ನು ಬೇಯಿಸುವಾಗ ಒಳಗಿನ ಜೀವ ನಾಶವಾಗುತ್ತದೆ. ತೋಟ ಪಾಳುಬಿದ್ದರೆ ಹಿಂಸೆ ತಪ್ಪಿದಂತಲ್ಲವೇ? ಹಿಂಸೆ ಕಡಿಮೆಯಾದದ್ದು ನಿಜವಿರಬಹುದು. ಆದರೆ ಬೇಲಿ ಹಾಕಿದವನ ಭಾವ ಹುಳುವಿನ ಮೇಲಿನ ಕರುಣೆಯದಲ್ಲ, ಬೆಲೆಯ ನಿರೀಕ್ಷೆಯದು. ಭಾವವೇ ಬಂಧಕ್ಕೆ ಕಾರಣವೆಂದು ನಂಬುವ ಧರ್ಮದಲ್ಲಿ ಆಕಸ್ಮಿಕವಾದ ಒಳಿತನ್ನು ಪುಣ್ಯದ ಖಾತೆಗೆ ಬರೆದುಕೊಳ್ಳುವುದು ಸರಿಯಲ್ಲ. ಕರುಣೆಯೇ ಉದ್ದೇಶವಾಗಿದ್ದರೆ ಆ ನೆಲದಲ್ಲಿ ರಾಗಿ ಬೆಳೆಯಲು ಬಿಡಬಹುದಿತ್ತು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಊರು ಬೆಳೆಯುತ್ತದೆ, ಜನಕ್ಕೆ ಮನೆ ಬೇಕು. ನೆಲವನ್ನು ಕೊಂಡು, ರಸ್ತೆ ಮಾಡಿ, ಮನೆ ಕಟ್ಟಿ ಮಾರುವವನು ಲೋಕೋಪಕಾರಿಯಲ್ಲವೇ? ಖಂಡಿತವಾಗಿ ಹೌದು. ಗೃಹಸ್ಥನಿಗೆ ಉದ್ಯೋಗದಲ್ಲಿ ಒದಗುವ ಹಿಂಸೆಯನ್ನು ಸಂಪೂರ್ಣವಾಗಿ ಬಿಡಲು ಸಾಧ್ಯವಿಲ್ಲವೆಂಬುದನ್ನು ಶಾಸ್ತ್ರವೂ ಒಪ್ಪಿದೆ. ಸಂಕಲ್ಪಪೂರ್ವಕವಾದ ಹಿಂಸೆಯನ್ನು ಬಿಡುವುದು ಅವನ ಮೊದಲ ಕರ್ತವ್ಯ. ನ್ಯಾಯವಾಗಿ ಗಳಿಸಿದ ಧನವನ್ನು ಯಾವ ಆಚಾರ್ಯರೂ ನಿಂದಿಸಿಲ್ಲ. ಸಮಂತಭದ್ರರು ವೈಯಾವೃತ್ಯವನ್ನು ವಿವರಿಸುವಾಗ ಆಹಾರ, ಔಷಧ, ಉಪಕರಣಗಳೊಡನೆ ಆವಾಸವನ್ನೂ ದಾನಗಳಲ್ಲಿ ಎಣಿಸಿದ್ದಾರೆ. ಅಲ್ಲಿ ಹೇಳಿರುವುದು ತ್ಯಾಗಿಗಳ ಸೇವೆಯ ಸಂದರ್ಭದಲ್ಲಿಯಾದರೂ, ಇರಲು ಎಡೆ ಕೊಡುವುದು ಅನ್ನ ಕೊಡುವುದರ ಸಾಲಿನಲ್ಲಿ ನಿಲ್ಲುತ್ತದೆಂಬುದು ಅದರಿಂದ ತಿಳಿಯುತ್ತದೆ. ಮನೆ ಕಟ್ಟಿ ನ್ಯಾಯವಾದ ಲಾಭಕ್ಕೆ ಮಾರುವವನ ವೃತ್ತಿ ಗೌರವದ್ದು. ಕಟ್ಟದೆ, ಬೆಳೆಯದೆ, ಬಳಸದೆ, ಇನ್ನೊಬ್ಬನ ಅಗತ್ಯ ತೀವ್ರವಾಗಲೆಂದು ಕಾಯುವವನದು ಬೇರೆ. ಬರಗಾಲದಲ್ಲಿ ಧಾನ್ಯವನ್ನು ಉಗ್ರಾಣದಲ್ಲಿ ಮುಚ್ಚಿಟ್ಟವನನ್ನು ಸಮಾಜ ಹೇಗೆ ನೋಡುತ್ತದೆಯೋ ಹಾಗೆಯೇ ಅವನನ್ನೂ ನೋಡಬೇಕಾಗುತ್ತದೆ.

ನೆಲದ ವ್ಯವಹಾರದಲ್ಲಿ ಉಳಿದ ವ್ರತಗಳೂ ಜಾರುವ ಭಯವಿದೆ. ಕ್ರಯಪತ್ರದಲ್ಲಿ ಒಂದು ಮೊತ್ತ, ಕೈಗೆ ಕೈ ಬದಲಾಗುವುದು ಇನ್ನೊಂದು ಮೊತ್ತ ಎಂಬ ರೂಢಿಯು ಸತ್ಯವ್ರತದ ಅತಿಚಾರವಾದ ಕೂಟಲೇಖಕ್ರಿಯೆಗೆ ಸೇರುತ್ತದೆ. ಆಶಾಧರ ಪಂಡಿತರ ಸಾಗಾರಧರ್ಮಾಮೃತವೂ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ ಹದಿನೈದು ವರ್ಜ್ಯ ಉದ್ಯೋಗಗಳನ್ನು ಹೇಳುವಲ್ಲಿ ಸರೋವರ-ಕೆರೆಗಳನ್ನು ಒಣಗಿಸುವ ಕೆಲಸವನ್ನೂ ಸೇರಿಸಿವೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿಗಳು ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿದರೂ ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಜನರ ಬಾಳು ಕೆರೆಗಳ ಮೇಲೆ ನಿಂತಿತ್ತು. ಕೆರೆಯಿಂದ ಕೆರೆಗೆ ನೀರು ಒಯ್ಯುವ ರಾಜಕಾಲುವೆಯನ್ನು ಮಣ್ಣು ತುಂಬಿ ಮುಚ್ಚಿದ ಬಡಾವಣೆಯಲ್ಲಿ ನಿವೇಶನ ಕೊಳ್ಳುವವನು, ತನ್ನ ಕೈಯಿಂದ ಗುದ್ದಲಿ ಹಿಡಿಯದಿದ್ದರೂ, ಆ ಹದಿನೈದರಲ್ಲಿ ಒಂದನ್ನು ಮಾಡಿಸಿದವನೂ ಅನುಮೋದಿಸಿದವನೂ ಆಗುತ್ತಾನೆ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಆಸ್ರವದ ದ್ವಾರಗಳೆಂಬುದು ಶ್ರಾವಕರಿಗೆ ಹೊಸ ಮಾತಲ್ಲ. ವೀಳ್ಯದೆಲೆ ಮಾರಿದ ಒಬ್ಬ ಶೆಟ್ಟರ ಹೆಸರು ಕೆರೆಯಲ್ಲಿ ಉಳಿದಿರುವಾಗ, ಕೆರೆ ಒಣಗಿಸಿ ಗಳಿಸಿದ ಹೆಸರು ಯಾರಿಗೆ ಬೇಕು?

ಗೃಹಸ್ಥರೂ ಬಸದಿಯ ಸಮಿತಿಗಳೂ

ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗದ ಮರುದಿನ ಉತ್ತಮ ಆಕಿಂಚನ್ಯ ಬರುತ್ತದೆ. ಪ್ರತಿ ಮನೆಯಲ್ಲಿ ಅಂದು ಕ್ಷೇತ್ರ-ವಾಸ್ತುಗಳ ಪಟ್ಟಿಯನ್ನು ಬರೆದು, ವಾಸಕ್ಕೆ ಎಷ್ಟು, ಜೀವನೋಪಾಯಕ್ಕೆ ಎಷ್ಟು, ಮಕ್ಕಳಿಗೆ ಎಷ್ಟು ಎಂದು ಗೆರೆ ಎಳೆದರೆ ವ್ರತವು ಬಾಯಿಮಾತಿನಿಂದ ಆಚರಣೆಗೆ ಇಳಿಯುತ್ತದೆ. ಗೆರೆಯೊಳಗಿನ ಆಸ್ತಿಯೂ ನಿಷ್ಫಲವಾಗಿ ಬೀಳದಿರಲಿ. ಕಟ್ಟುವ ಕಾಲ ಬರುವವರೆಗೆ ಹೊಲವನ್ನು ಉಳುವವನಿಗೆ ಬಿಡಬಹುದು. ಬೀಗ ಹಾಕಿದ ಮನೆಯನ್ನು ನ್ಯಾಯವಾದ ಬಾಡಿಗೆಗೆ, ಓದುವ ಮಕ್ಕಳಿದ್ದರೆ ಅದಕ್ಕಿಂತ ಕಡಿಮೆಗೆ ಕೊಡಬಹುದು. ಬಾಡಿಗೆದಾರ ಬಿಟ್ಟುಹೋಗಲಾರನೆಂಬ ಭಯ ನಿಜವಾದದ್ದೇ. ಕರಾರುಪತ್ರವನ್ನು ಸರಿಯಾಗಿ ಬರೆಸಿಕೊಳ್ಳುವುದು ಅದಕ್ಕೆ ಮದ್ದು, ಬೀಗ ಮದ್ದಲ್ಲ.

ಇದೇ ಮಾತು ಬಸದಿ, ಮಂದಿರಗಳ ವಿಶ್ವಸ್ತ ಸಮಿತಿಗಳಿಗೂ ಅನ್ವಯಿಸುತ್ತದೆ. ದೇವದ್ರವ್ಯವನ್ನು ಮನಬಂದಂತೆ ಬಳಸಕೂಡದೆಂಬ ಮರ್ಯಾದೆ ಪವಿತ್ರವಾದದ್ದು, ಅದನ್ನು ಮೀರಬೇಕಾಗಿಲ್ಲ. ಆದರೆ ಸಾಧಾರಣ ಧರ್ಮಾದಾಯದಿಂದ ಕೊಂಡ ನಿವೇಶನವೊಂದು ಬೆಲೆ ಬರಲೆಂದು ಇಪ್ಪತ್ತು ವರ್ಷ ಬರಿದೇ ಬಿದ್ದಿದ್ದರೆ, ಸಮಿತಿಯ ಸದಸ್ಯರು ವೈಯಕ್ತಿಕವಾಗಿ ನಿರ್ಲೋಭಿಗಳಾಗಿದ್ದರೂ ಸಂಸ್ಥೆಯೇ ಮೂರ್ಚ್ಛೆಗೆ ಒಳಗಾದಂತಾಗುತ್ತದೆ. ತೋಟದಪ್ಪನವರ ಛತ್ರದ ಪಾಠ ಸಮಿತಿಗಳಿಗೆ ಇದೇ: ನೆಲದ ಬೆಲೆಯನ್ನು ನೋಡುತ್ತ ಕೂರದೆ, ನೆಲವನ್ನು ಕೊಂಡ ಉದ್ದೇಶವನ್ನು ನೋಡಬೇಕು. ಪರಸ್ಥಳದಿಂದ ಚಿಕ್ಕಬಳ್ಳಾಪುರಕ್ಕೋ ಚಿಂತಾಮಣಿಗೋ ಓದಲು ಬಂದ ಹುಡುಗಿಯೊಬ್ಬಳಿಗೆ ಸುರಕ್ಷಿತವಾದ ಒಂದು ಕೋಣೆ ಸಿಕ್ಕರೆ, ಆ ನಿವೇಶನ ಅಂದೇ ತನ್ನ ಪೂರ್ಣ ಮೌಲ್ಯವನ್ನು ಪಡೆಯಿತು.

ಹೈಮ್ಸ್‌ರ ಮರಣಶಾಸನ ದೊಡ್ಡದು. ಆದರೆ ಮರಣಶಾಸನವು ಜಾರಿಗೆ ಬರುವುದು ಕೈಯಲ್ಲಿ ಹಿಡಿದುಕೊಳ್ಳುವ ಶಕ್ತಿ ಹೋದ ಮೇಲೆ. ಬಿಡಲೇಬೇಕಾದದ್ದನ್ನು ಬಿಡುವುದಕ್ಕೂ ಇಟ್ಟುಕೊಳ್ಳಬಲ್ಲಾಗಲೇ ಬಿಡುವುದಕ್ಕೂ ಇರುವ ವ್ಯತ್ಯಾಸವನ್ನು ತ್ಯಾಗಧರ್ಮ ಬಲ್ಲದು. ಖಾಲಿ ಗೋಪುರದ ಕೆಳಗೆ ಚಳಿಯಲ್ಲಿ ಮಲಗಿದ್ದವನಿಗೆ ಅರ್ಧ ಶತಮಾನದ ಅನಂತರ ತೆರೆಯುವ ಕಲಾಮಂದಿರದಿಂದ ಆಸರೆ ಸಿಕ್ಕಲಿಲ್ಲ. ಅವನಿಗೆ ಬೇಕಾಗಿದ್ದದ್ದು ಆ ರಾತ್ರಿಯ ಮಟ್ಟಿಗೆ ಒಂದು ತೆರೆದ ಬಾಗಿಲು.